ಜಗುಲಿಯ ಕೆಂಪು ಧೂಳು

ತೋರಣಗಲ್ಲಿನಲ್ಲಿ ಮನೆ ಮಾಡಿದವರಿಗೆ ಪೊರಕೆಯ ನಂಟು ತಪ್ಪಿದ್ದಲ್ಲ. ಬೆಳಿಗ್ಗೆ ಗುಡಿಸಿದ ಜಗುಲಿಯ ಮೇಲೆ ಮಧ್ಯಾಹ್ನದ ವೇಳೆಗೆ ಕೆಂಪು ಧೂಳು ಮತ್ತೆ ಬಂದು ಕುಳಿತಿರುತ್ತದೆ. 1971ರಲ್ಲಿ ಇಂದಿರಾ ಗಾಂಧಿಯವರು ಇಲ್ಲಿ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲಿಟ್ಟರು. ಊರಿನವರು ಉಕ್ಕಿನ ಮುಖ ಕಂಡದ್ದು ಮಾತ್ರ 1990ರ ದಶಕದಲ್ಲಿ ಖಾಸಗಿಯವರು ಕೈಹಾಕಿದ ಮೇಲೆಯೇ. ಅಡಿಗಲ್ಲಿಗೂ ತಾಳ್ಮೆ ಬೇಕು, ನೋಡಿ! ಈಗ ಕಾರ್ಖಾನೆಯ ಪಾಳಿಗೆ ತಕ್ಕಂತೆ ಎಷ್ಟೋ ಮನೆಗಳು ಮಲಗಿ ಏಳುತ್ತವೆ.

ಅಂಥ ಪಾಳಿಯ ನೌಕರನೊಬ್ಬ ತನ್ನ ಎಂಟು ವರ್ಷದ ಮಗನಿಗೆ ದುಡಿಮೆಯ ಬೆಲೆ ಕಲಿಸಬೇಕೆಂದು ಸಂಕಲ್ಪಿಸಿದ. ಉಪಾಯ ಸುಲಭವಾಗಿಯೇ ಇತ್ತು. ಜಗುಲಿ ಗುಡಿಸಿದರೆ ಐದು ರೂಪಾಯಿ, ಗಿಡಗಳಿಗೆ ನೀರು ಹಾಕಿದರೆ ಐದು. ಕ್ಯಾಲೆಂಡರಿನ ಮೇಲೆ ಗುರುತು, ಭಾನುವಾರ ಬಟವಾಡೆ. ಎರಡು ವಾರ ಜಗುಲಿ ಕನ್ನಡಿಯಂತಿತ್ತು. ಮೂರನೆಯ ವಾರ ಅಜ್ಜಿ, "ಒಂದು ಲೋಟ ನೀರು ತಾರಪ್ಪ" ಎಂದಳು. ಹುಡುಗ ಎದ್ದವನು ಅಲ್ಲಿಯೇ ನಿಂತು, "ಎಷ್ಟು ಕೊಡ್ತೀಯಜ್ಜಿ?" ಎಂದ.

ಅಜ್ಜಿ ನಕ್ಕಳು. ತಂದೆ ನಗಲಿಲ್ಲ. "ನಿನ್ನಷ್ಟು ಇದ್ದಾಗ ನಾನು..." ಎಂದು ಆರಂಭಿಸಿ ಅರ್ಧಕ್ಕೇ ನಿಲ್ಲಿಸಿದ.

ಆ ಅರ್ಧ ಮಾತಿನ ಹಿಂದೆ ಒಂದು ಕಥೆಯುಂಟು. 2000ದ ದಶಕದಲ್ಲಿ ಚೀನದ ಬೇಡಿಕೆಯಿಂದ ಅದಿರಿನ ಬೆಲೆ ಗಗನಕ್ಕೇರಿದಾಗ, ಹೊಸಪೇಟೆ, ಸಂಡೂರುಗಳ ಸುತ್ತ ಶಾಲೆ ಬಿಟ್ಟ ಮಕ್ಕಳೂ ಸುತ್ತಿಗೆ ಹಿಡಿದು ಅದಿರು ಒಡೆದರು. ಬಾಲಕಾರ್ಮಿಕರ ಕುರಿತ ಕಾನೂನು 1986ರಲ್ಲಿಯೇ ಬಂದಿತ್ತು; ಕಾನೂನಿನ ಕಣ್ಣಿಗೂ ಧೂಳು ಬಿದ್ದಿರಬೇಕು. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕುವವರೆಗೂ ಲಾರಿಗಳ ಸಾಲು ಮುಗಿಯಲಿಲ್ಲ. ಈ ತಂದೆ ಹತ್ತು ವರ್ಷದವನಿದ್ದಾಗ ಹಾಗೆ ಸುತ್ತಿಗೆ ಹಿಡಿದವನು. ತನ್ನನ್ನು ಮನುಷ್ಯನನ್ನಾಗಿ ಮಾಡಿದ್ದು ಆ ಸುತ್ತಿಗೆಯೇ ಎಂಬುದು ಅವನ ದೃಢವಾದ ನಂಬಿಕೆ.

ಅಂದು ರಾತ್ರಿ ಹೆಂಡತಿ ಕೇಳಿದಳು: "ನಿಮಗೆ ಆಗ ಒಡೆದಷ್ಟಕ್ಕೆ ಲೆಕ್ಕ ಹಾಕಿ ಕೂಲಿ ಕೊಡುತ್ತಿದ್ದರು. ಮಗನಿಗೂ ಅದೇ ಲೆಕ್ಕವೇನು?"

ಅವನು ಉತ್ತರಿಸಲಿಲ್ಲ. ಮಗುವಿಗೆ ದುಡಿಮೆ ಕಲಿಸುವುದೂ ಮಗುವಿನಿಂದ ದುಡಿಸಿಕೊಳ್ಳುವುದೂ ಒಂದೇ ಅಲ್ಲವೆಂಬುದನ್ನು ಸುತ್ತಿಗೆ ಹಿಡಿದವನಿಗೆ ಯಾರಾದರೂ ಹೇಳಬೇಕೆ? ಆದರೂ ಆ ನೋವನ್ನೇ ಗುಣವೆಂದು ನಂಬಿ ಮಕ್ಕಳಿಗೆ ಹಂಚುವ ತಂದೆಯರು ನಮ್ಮಲ್ಲಿ ಕಡಮೆಯಿಲ್ಲ.

ಸಂಭಾವನೆಯ ವಿಷಯಕ್ಕೆ ಬಂದರೆ, ಅಮೆರಿಕದ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು 1973ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಪ್ರಸಿದ್ಧವಾಗಿದೆ. ಚಿತ್ರ ಬರೆಯುವುದೆಂದರೆ ಪ್ರಾಣವೆನ್ನುವ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ ಬಹುಮಾನದ ಆಸೆ ತೋರಿಸಿ ಬರೆಯಿಸಿದರು. ಮುಂದೆ ಬಹುಮಾನವಿಲ್ಲದಾಗ ಆ ಮಕ್ಕಳಿಗೇ ಚಿತ್ರದ ಮೇಲಿನ ಒಲವು ಕುಗ್ಗಿತ್ತು. ನಿರೀಕ್ಷೆಯಿಲ್ಲದೆ ಬಹುಮಾನ ಪಡೆದವರಿಗೆ ಹಾಗಾಗಲಿಲ್ಲ. ಪೊರಕೆ ಹಿಡಿಯುವುದು ಚಿತ್ರ ಬರೆಯುವಷ್ಟು ಸೊಗಸಲ್ಲ, ನಿಜ. ಆದರೆ ಅಜ್ಜಿಗೆ ನೀರು ಕೊಡುವುದರಲ್ಲಿ ಹುಡುಗನಿಗೆ ಮೊದಲು ಒಂದು ಸಂತೋಷವಿದ್ದಿತಲ್ಲ, ಅದಕ್ಕೆ ತಾನೇ ಕುತ್ತು ಬಂದದ್ದು!

ಶರಣರ ಕಾಯಕದ ಮಾತನ್ನು ಮಕ್ಕಳಿಗೆ ಹೇಳುವಾಗ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನೂ ಹೇಳುವುದುಂಟು. ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರಲು ಹೇಳಿದ ಹೆಂಗಸು ಅವಳು. ದುಡಿಯುವುದು ಹೇಗೋ, ಸಾಕೆನ್ನುವುದೂ ಹಾಗೆಯೇ ಕಲಿಯಬೇಕಾದ ವಿದ್ಯೆ.

ಮರುದಿನ ಕ್ಯಾಲೆಂಡರಿನ ಗುರುತುಗಳು ನಿಂತವು. ಮಗ ಮುಖ ಊದಿಸಿದ; ಮೂರು ದಿನ ಜಗುಲಿ ಕೆಂಪಾಗಿಯೇ ಇತ್ತು. ಗದರಬೇಕೆನಿಸಿದರೂ ತಂದೆ ಗದರಲಿಲ್ಲ. ನಾಲ್ಕನೆಯ ಬೆಳಿಗ್ಗೆ ರಾತ್ರಿ ಪಾಳಿ ಮುಗಿಸಿ ಬಂದವನು, ಬೂಟು ಬಿಚ್ಚಿಟ್ಟು ತಾನೇ ಪೊರಕೆ ಹಿಡಿದ. ಹುಡುಗ ಸ್ವಲ್ಪ ಹೊತ್ತು ನೋಡಿ ಒಳಗಿನಿಂದ ಇನ್ನೊಂದು ಪೊರಕೆ ತಂದ. "ಮಧ್ಯಾಹ್ನಕ್ಕೆ ಮತ್ತೆ ಬೀಳುತ್ತದಲ್ಲಪ್ಪ?" ಎಂದು ಕೇಳಿದ. "ಬೀಳುತ್ತದೆ" ಎಂದ ತಂದೆ. ಇಬ್ಬರೂ ಗುಡಿಸಿದರು.

ಕೆಲವು ವಾರಗಳ ನಂತರದ ಮಾತು. ತಂದೆ ಪಾಳಿ ಮುಗಿಸಿ ಬರುವಷ್ಟರಲ್ಲಿ ಜಗುಲಿ ಸ್ವಚ್ಛವಾಗಿತ್ತು. ತುಳಸಿಕಟ್ಟೆಯ ಬಳಿ ಮಾತ್ರ ಒಂದು ಮೊಳ ಜಾಗ ಕೆಂಪಾಗಿಯೇ ಉಳಿದಿತ್ತು. "ಅದನ್ನೇಕೆ ಬಿಟ್ಟೆಯೋ?" ಎಂದಳು ಅಜ್ಜಿ.

"ಅದು ಅಪ್ಪನ ಪಾಲು" ಎಂದು ಹುಡುಗ ಚೀಲ ಹೆಗಲಿಗೇರಿಸಿ ಶಾಲೆಗೆ ಓಡಿದ.