ಒಳಗೆ ಕೂತೋನ ಕತೆ ಏನು?

ಫ್ರಂಟ್ ಮಿಷನ್ ಅನ್ನೋ ಜಪಾನಿ ಆಟದ ಐದೂ ಮುಖ್ಯ ಕಂತುಗಳನ್ನ ನಾನು ಮುಗಿಸಿದೀನಿ. ರೆಸ್ಯೂಮೆಯಲ್ಲಿ ಹಾಕ್ಕೊಳ್ಳೋ ಸಾಧನೆ ಏನಲ್ಲ ಬಿಡಿ. ಆದ್ರೆ ಐದನ್ನೂ ಆಡಿದ ಮೇಲೆ ‘ಯಾವುದು ಚೆನ್ನಾಗಿದೆ’ ಅಂತ ಯಾರಾದ್ರೂ ಕೇಳಿದ್ರೆ ಒಂದೇ ಪದದಲ್ಲಿ ಉತ್ತರ ಕೊಟ್ಟು ಸುಮ್ಮನಿರೋಕೆ ನನ್ನ ಕೈಲಿ ಆಗಲ್ಲ. ಅದಕ್ಕೇ ಈ ಬರಹ.

ಹೆಸರೇ ಕೇಳದೋರಿಗೆ ಸ್ವಲ್ಪ ಹಿನ್ನೆಲೆ. ಮೊದಲ ಆಟ ಬಂದಿದ್ದು 1995ರಲ್ಲಿ, ಸೂಪರ್ ಫ್ಯಾಮಿಕಾಮ್‌ಗೆ. ಹೊರತಂದಿದ್ದು ಸ್ಕ್ವೇರ್, ಅಂದ್ರೆ ಫೈನಲ್ ಫ್ಯಾಂಟಸಿಯ ಅದೇ ಸ್ಕ್ವೇರ್. ಕಟ್ಟಿದ್ದು ಜಿ-ಕ್ರಾಫ್ಟ್ ಅನ್ನೋ ತಂಡ, ನಿರ್ದೇಶಕ ತೊಶಿರೊ ತ್ಸುಚಿದಾ. ನೆಲ ಪೂರ್ತಿ ಚೌಕಗಳು, ಚೌಕದ ಮೇಲೆ ರೋಬೋಗಳು, ನಿಮ್ಮದೊಂದು ಸರದಿ, ಎದುರಾಳಿಯದೊಂದು ಸರದಿ. ಈ ರೋಬೋಗಳಿಗೆ ವಾಂಜರ್ ಅಂತಾರೆ. ಜರ್ಮನ್ ಭಾಷೆಯ ಪದಗಳನ್ನ ಸೇರಿಸಿ ಮೊಟಕು ಮಾಡಿದ್ದು, ನಡೆಯೋ ಟ್ಯಾಂಕ್ ಅಂತ ಅರ್ಥ. ಕಿರುಚಿಕೊಂಡು ಆಕಾಶಕ್ಕೆ ಹಾರೋ ಹೀರೋ ಇಲ್ಲ, ಅನ್ಯಗ್ರಹದೋರಿಲ್ಲ. 21ನೇ ಶತಮಾನದ ಕೊನೆ, ದೇಶಗಳೆಲ್ಲ ಸೇರ್ಕೊಂಡು ದೊಡ್ಡ ಒಕ್ಕೂಟಗಳಾಗಿವೆ. ಅಮೆರಿಕ ಖಂಡಗಳದ್ದು ಒಂದು, ಹೆಸರು ಯುಎಸ್‌ಎನ್. ಜಪಾನು, ಆಸ್ಟ್ರೇಲಿಯಾ, ಆಗ್ನೇಯ ಏಷ್ಯಾ ಸೇರಿದ್ದು ಇನ್ನೊಂದು, ಓಸಿಯು. ಪೆಸಿಫಿಕ್ ಸಾಗರದಲ್ಲಿ ಹಫ್‌ಮನ್ ಅಂತ ಒಂದು ಕಲ್ಪಿತ ದ್ವೀಪ, ಅದು ಯಾರದು ಅಂತ ಎರಡಕ್ಕೂ ಜಗಳ. ನಮ್ಮೂರಲ್ಲಿ ಬದುವಿನ ಮೇಲಿನ ಒಂದು ಬೇವಿನ ಮರಕ್ಕೆ ಎರಡು ತಲೆಮಾರು ಕೋರ್ಟಿಗೆ ಅಲೆದಿದ್ದನ್ನ ನೋಡಿರೋ ನನಗೆ ಇದು ತೀರಾ ಕಟ್ಟುಕತೆ ಅಂತ ಯಾವತ್ತೂ ಅನ್ನಿಸಿಲ್ಲ.

ಚೌಕಾಬಾರದಲ್ಲಿ ಕಾಯಿ ಹೊಡೆದ್ರೆ ಕಾಯಿ ಹೊರಗೆ, ಮುಗೀತು. ಇಲ್ಲಿ ಹಂಗಲ್ಲ. ಪ್ರತಿ ವಾಂಜರ್‌ಗೂ ಮೈ, ಎಡಗೈ, ಬಲಗೈ, ಕಾಲು ಅಂತ ನಾಲ್ಕು ಭಾಗ, ನಾಲ್ಕಕ್ಕೂ ಬೇರೆ ಬೇರೆ ಆಯಸ್ಸು. ಬಲಗೈ ಹೋದ್ರೆ ಆ ಕೈಯಲ್ಲಿದ್ದ ಬಂದೂಕೂ ಹೋಯ್ತು. ಕಾಲು ಹೋದ್ರೆ ತೆವಳಬೇಕು. ಮೈ ಹೋದ್ರೆ ಎಲ್ಲಾ ಹೋಯ್ತು. ಮಷಿನ್‌ಗನ್ ಹೊಡೆದ್ರೆ ಗುಂಡು ನಾಲ್ಕೂ ಕಡೆ ಚೆಲ್ಲಾಡುತ್ತೆ, ರೈಫಲ್ ಆದ್ರೆ ಇದ್ದಬದ್ದದ್ದನ್ನೆಲ್ಲ ಒಂದೇ ಭಾಗಕ್ಕೆ ಇಳಿಸುತ್ತೆ. ಎರಡೂ ಕೈ ಕಳ್ಕೊಂಡ ವಾಂಜರ್ ಒಂದು ಮೈದಾನದ ಮಧ್ಯೆ ಏನೂ ಮಾಡೋಕಾಗದೆ ನಿಂತಿರುತ್ತಲ್ಲ, ಆ ನೋಟವನ್ನ ನಾನು ಬೇರೆ ಯಾವ ಆಟದಲ್ಲೂ ನೋಡಿಲ್ಲ.

ಯುದ್ಧದ ಮಧ್ಯೆ ಗ್ಯಾರೇಜಿನ ಕೆಲಸ ಬೇರೆ. ಯಾವ ಮೈಗೆ ಯಾವ ಕೈ, ಯಾವ ಕೈಗೆ ಯಾವ ಬಂದೂಕು ಅಂತ ಕೂತು ಜೋಡಿಸಬೇಕು. ಯಂತ್ರದ ಶಕ್ತಿ ಇಷ್ಟು, ಹೊರೆ ಅದನ್ನ ಮೀರೋ ಹಂಗಿಲ್ಲ. ಬೋರ್‌ವೆಲ್ಲಿನ ಆಳ ಹೇಳಿ ಮೋಟಾರಿನ ಎಚ್‌ಪಿ ಲೆಕ್ಕ ಹಾಕೋ ಮನೆಯಲ್ಲಿ ಬೆಳೆದೋನಿಗೆ ಇದಕ್ಕಿಂತ ಸುಖ ಇನ್ನೊಂದಿಲ್ಲ. ಒಂದು ಗಂಟೆ ಆಡಿದ್ರೆ ಅದರಲ್ಲಿ ನಲವತ್ತು ನಿಮಿಷ ನಾನು ಗ್ಯಾರೇಜಲ್ಲೇ ಇರ್ತೀನಿ.

ಇಷ್ಟು ಐದರಲ್ಲೂ ಇದೆ. ಹಾಗಾದ್ರೆ ವ್ಯತ್ಯಾಸ ಎಲ್ಲಿ? ಬಹಳ ವರ್ಷ ನಾನು ಇದನ್ನ ಎಂಜಿನಿಯರ್ ಥರಾನೇ ನೋಡ್ತಿದ್ದೆ. ವರ್ಷನ್ ಒಂದರಲ್ಲಿ ಇಲ್ಲದ್ದು ಎರಡರಲ್ಲಿ ಬಂತು, ಮೂರರಲ್ಲಿ ಇದ್ದಿದ್ದು ನಾಲ್ಕರಲ್ಲಿ ಹೋಯ್ತು, ಅಂತ ಒಂದು ಎಕ್ಸೆಲ್ ಶೀಟು ಕೂಡ ಇಟ್ಟಿದ್ದೆ. ಅದನ್ನ ಬದಲಾಯಿಸಿದ್ದು ನಮ್ಮ ಭಾವ.

ಭಾವ ಸೇನೆಯ ಇಎಂಇಯಲ್ಲಿ ಇದ್ದೋರು. ಟ್ಯಾಂಕ್ ರಿಪೇರಿ, ಕೆಟ್ಟು ನಿಂತಿದ್ದನ್ನ ಎಳ್ಕೊಂಡು ಬರೋದು, ಇದೇ ಕೆಲಸ. ಈಗ ರಿಟೈರಾಗಿ ತೆಂಗಿನ ತೋಟ ನೋಡ್ಕೋತಾರೆ. 2023ರ ಸಂಕ್ರಾಂತಿಗೆ ಅಕ್ಕನ ಮನೆಗೆ ಹೋದಾಗ ನನ್ನ ಸ್ವಿಚ್‌ನ ಟಿವಿಗೆ ಹಾಕ್ಕೊಂಡು ಮೊದಲ ಆಟದ ರೀಮೇಕ್ ಆಡ್ತಾ ಇದ್ದೆ. ಭಾವ ಕಾಫಿ ಹಿಡ್ಕೊಂಡು ಬಂದು ಪಕ್ಕ ಕೂತರು. ಕಾಲು ಮುರಿದ ವಾಂಜರ್ ನೋಡಿ ಖುಷಿಯೇ ಆಯ್ತು ಅವರಿಗೆ. “ನಮ್ದೂ ಹಿಂಗೇ ಕಣಯ್ಯ. ಟ್ರ್ಯಾಕ್ ಹೋಯ್ತು ಅಂದ್ರೆ ಎಷ್ಟು ದೊಡ್ಡ ಟ್ಯಾಂಕಾದ್ರೂ ಅಲ್ಲೇ ಕೂರ್ತದೆ” ಅಂದ್ರು. ಅಷ್ಟರಲ್ಲಿ ನಾನು ಅದರ ಮೈಗೆ ಹೊಡೆದೆ. ಸ್ಫೋಟ ಆಯ್ತು, ಚೌಕ ಖಾಲಿಯಾಯ್ತು.

“ಒಳ್ಗೆ ಕೂತಿದ್ನಲ್ಲ, ಅವ್ನ ಕತೆ ಏನು?”

“ಭಾವ, ಇದು ಆಟ.”

“ಆಟವೇ ಕಣಯ್ಯ. ಕೈ ಬೇರೆ, ಕಾಲು ಬೇರೆ ಅಂತ ಅಷ್ಟೆಲ್ಲ ಲೆಕ್ಕ ಇಟ್ಟೋರು ಇವ್ನ ಲೆಕ್ಕ ಯಾಕೆ ಇಟ್ಟಿಲ್ಲ ಅಂತ ಕೇಳ್ದೆ.” ಸ್ವಲ್ಪ ಹೊತ್ತು ಬಿಟ್ಟು ಹೇಳಿದ್ರು: “ನಾವು ಎಳೆಯಕ್ಕೆ ಹೋದಾಗ ಸರಪಳಿ ಹಾಕೋದು ಆಮೇಲೆ. ಮೊದ್ಲು ಮೇಲೆ ಹತ್ತಿ ಹ್ಯಾಚ್ ತೆಗ್ದು ನೋಡ್ತಿದ್ವಿ.”

ಎಕ್ಸೆಲ್ ಶೀಟಿನಲ್ಲಿ ಈ ಕಾಲಂ ಇರಲಿಲ್ಲ. ಈಗ ಅದನ್ನಿಟ್ಟೇ ಐದನ್ನೂ ನೋಡೋಣ.

ಮೊದಲನೇದು ಆಟದ ಒಳಗೆ ಭಾವನ ಪ್ರಶ್ನೆಗೆ ಉತ್ತರ ಕೊಡಲ್ಲ ನಿಜ. ಸಿಡಿದವನು ಮಾಯ, ನಮ್ಮ ಕಡೆಯೋನಾದ್ರೆ ರಿಪೇರಿ ಮಾಡ್ಕೊಂಡು ಮುಂದಿನ ಮಿಷನ್‌ಗೆ ಹಾಜರ್. ಆದ್ರೆ ಕತೆಯಲ್ಲಿ ಕೊಡೋ ಉತ್ತರ ಭಯಂಕರವಾಗಿದೆ. 2090ನೇ ಇಸವಿ. ಓಸಿಯು ಸೈನಿಕ ರಾಯ್ಡ್ ಕ್ಲೈವ್ ತಂಡ ಲಾರ್ಕಸ್ ಅನ್ನೋ ಜಾಗದ ಕಾರ್ಖಾನೆಯೊಂದನ್ನ ನೋಡೋಕೆ ಹೋಗುತ್ತೆ. ಡ್ರಿಸ್ಕಾಲ್ ಅನ್ನೋ ಶತ್ರು ಅಧಿಕಾರಿ ಅಲ್ಲಿ ಕಾದಿರ್ತಾನೆ. ರಾಯ್ಡ್‌ನ ಜೊತೆ ಮದುವೆ ನಿಶ್ಚಯ ಆಗಿದ್ದ ಕರೆನ್ ಅಲ್ಲೇ ಕಾಣೆಯಾಗ್ತಾಳೆ. ಆಪಾದನೆ ಎಲ್ಲ ರಾಯ್ಡ್ ತಲೆಗೆ, ಸೈನ್ಯದಿಂದ ಹೊರಗೆ. ಆಮೇಲೆ ಅವನು ಬಾಡಿಗೆ ಸೈನಿಕನಾಗಿ ಅವಳನ್ನ ಹುಡುಕಿಕೊಂಡು ಯುದ್ಧಕ್ಕೆ ಇಳೀತಾನೆ. ಕೊನೆಗೆ ಸಿಕ್ತಾಳೆ. ಮೂವತ್ತು ವರ್ಷ ಹಳೇ ಆಟ, ಗುಟ್ಟು ಹೇಳಿದೆ ಅಂತ ಬೈಬೇಡಿ: ಅವಳ ಮಿದುಳನ್ನ ತೆಗೆದು ವಾಂಜರ್ ಓಡಿಸೋ ಕಂಪ್ಯೂಟರ್ ಮಾಡಿರ್ತಾರೆ.

ಗಂಟೆಗಟ್ಟಲೆ ಗ್ಯಾರೇಜಲ್ಲಿ ಕೂತು ಬಿಡಿಭಾಗ ಜೋಡಿಸಿದ ನಮಗೆ ಆಟ ಇದನ್ನ ಹೇಳೋ ರೀತಿ ಇದೆಯಲ್ಲ! ನೀನು ಇಷ್ಟು ದಿನ ಮೈ, ಕೈ, ಕಂಪ್ಯೂಟರ್ ಅಂತ ಪಟ್ಟಿಯಿಂದ ಆರಿಸ್ತಿದ್ದೆಯಲ್ಲ, ಆ ಪಟ್ಟಿಗೆ ಮನುಷ್ಯರೂ ಸೇರ್ತಾರೆ ಅಂತ. ಅವತ್ತು ಇದನ್ನ ನೋಡಿ ಮಲಗಿ, ಬೆಳಿಗ್ಗೆ ಎದ್ದು ಕಾಲ್‌ಗೆ ಕೂತ್ರೆ “ಈ ಕ್ವಾರ್ಟರ್‌ಗೆ ಎರಡು ರಿಸೋರ್ಸ್ ಕಮ್ಮಿ ಮಾಡೋಣ” ಅಂತ ಒಬ್ಬರು ಹೇಳ್ತಿದ್ರು. ಆ ಎರಡು ರಿಸೋರ್ಸಿಗೂ ಹೆಸರಿತ್ತು. ಒಬ್ಬಳು ನನ್ನ ಪಕ್ಕದ ಸೀಟಿನೋಳು, ಮಧ್ಯಾಹ್ನಕ್ಕೆ ಅವಳ ಲಾಗಿನ್ ಕೆಲಸ ಮಾಡ್ತಿರಲಿಲ್ಲ. ಅವಳು ಬರೆದ ಕೋಡ್ ಇವತ್ತೂ ಓಡ್ತಿದೆ, ಅದನ್ನ ನೋಡ್ಕೊಳ್ಳೋನು ನಾನೇ. ಇದನ್ನ ಜಾಸ್ತಿ ಎಳೆಯಲ್ಲ.

ಈ ಮೊದಲ ಆಟಕ್ಕೆ ಚಿತ್ರ ಬರೆದಿದ್ದು ಯೊಶಿತಾಕಾ ಅಮಾನೊ, ಸಂಗೀತ ಯೊಕೊ ಶಿಮೊಮುರಾ ಮತ್ತು ನೊರಿಕೊ ಮಾತ್ಸುಎದಾ ಅವರದು. ಇಂಗ್ಲಿಷಿಗೆ ಬರೋಕೆ 2007 ಆಯ್ತು, ನಿಂಟೆಂಡೊ ಡಿಎಸ್‌ನಲ್ಲಿ. ಒಂದು ದೂರು ಇದೆ. ಎಲ್ಲಿಗೆ ಹೊಡೀಬೇಕು ಅಂತ ಆರಿಸೋ ಕೌಶಲ ಒಮ್ಮೆ ಬಂತು ಅಂದ್ರೆ ಎಲ್ಲರನ್ನೂ ನೇರ ಮೈಗೇ ಹೊಡೆದು ಮುಗಿಸಬಹುದು. ಅಲ್ಲಿಂದಾಚೆ ಯುದ್ಧ ಸಪ್ಪೆ, ಕತೆಗೋಸ್ಕರ ಆಡಬೇಕು.

ಎರಡನೇದರ ಬಗ್ಗೆ ಚುಟುಕಾಗಿ. 1997ರ ಪ್ಲೇಸ್ಟೇಷನ್ ಆಟ. ನಡೆಯೋದು ಅಲೋರ್ದೇಶ್‌ನಲ್ಲಿ, ಅಂದ್ರೆ ಈಗ ಬಾಂಗ್ಲಾದೇಶ ಆಗಿರೋ ನೆಲದಲ್ಲಿ. ಬಂಗಾಳಿಯಲ್ಲಿ ‘ಆಲೋರ್ ದೇಶ್’ ಅಂದ್ರೆ ಬೆಳಕಿನ ನಾಡು. ಒಕ್ಕೂಟದಲ್ಲಿ ನಮ್ಮನ್ನ ಯಾರೂ ಕೇಳೋರಿಲ್ಲ ಅಂತ ಅಲ್ಲಿನ ಸೈನ್ಯ ಬಂಡಾಯ ಏಳುತ್ತೆ, ಆಶ್ ಫಾರೂಕ್ ಅನ್ನೋ ಓಸಿಯು ಸೈನಿಕ ಅದರ ಮಧ್ಯೆ ಸಿಕ್ಕಿಬೀಳ್ತಾನೆ. ಜಪಾನಿನಲ್ಲಿ ಕೂತ ಯಾರೋ ಒಬ್ಬರು ಭವಿಷ್ಯದ ಯುದ್ಧಕ್ಕೆ ನಮ್ಮ ಪಕ್ಕದ ಮನೆಯನ್ನ ಆರಿಸಿದ್ದು ನನಗೆ ಬಹಳ ಇಷ್ಟವಾಯ್ತು. ಆದ್ರೆ ಹಳೇ ಡಿಸ್ಕಿನಲ್ಲಿ ಒಂದೊಂದು ಏಟಿಗೂ ಲೋಡಿಂಗ್. ಚಿತ್ರಾನ್ನಕ್ಕೆ ಈರುಳ್ಳಿ ಹೆಚ್ಚಿಕೊಂಡು ಬರಬಹುದಿತ್ತು. 2023ರ ರೀಮೇಕ್ ಆ ಕಷ್ಟ ಕಮ್ಮಿ ಮಾಡಿದೆ. ನಡೆಯೋಕೆ, ಹೊಡೆಯೋಕೆ, ತಿರುಗಿಸಿ ಹೊಡೆಯೋಕೆ ಎಲ್ಲಕ್ಕೂ ಒಂದೇ ಗಂಟಿನಿಂದ ಎಪಿ ಅನ್ನೋ ಅಂಕ ಖರ್ಚು ಮಾಡೋ ಪದ್ಧತಿ ಶುರುವಾಗಿದ್ದು ಇಲ್ಲೇ.

ಈಗ ಮೂರನೇದು. ಜಪಾನಿನಲ್ಲಿ 1999, ಅಮೆರಿಕದಲ್ಲಿ 2000. ಮುಖ್ಯ ಕಂತುಗಳಲ್ಲಿ ಜಪಾನಿನಿಂದ ಆಚೆ ಮೊದಲು ಬಂದಿದ್ದೂ ಇದೇ. ನಾನು ಹಾಸ್ಟೆಲ್ಲಿನ ಡೆಸ್ಕ್‌ಟಾಪಿನಲ್ಲಿ ಮೊದಲು ಆಡಿದ್ದೂ ಇದೇ. ಕತೆ 2112ರದು. ವಾಂಜರ್ ಪರೀಕ್ಷೆ ಮಾಡೋ ಹುಡುಗ ಕಜುಕಿಯನ್ನ ಗೆಳೆಯ ರಿಯೋಗೊ ಕೇಳ್ತಾನೆ: ಸಾಮಾನು ತಲುಪಿಸೋಕೆ ಹೋಗ್ಬೇಕು, ಬರ್ತೀಯಾ? ಹೂಂ ಅಂದ್ರೆ ಒಂದು ಕತೆ, ಉಹೂಂ ಅಂದ್ರೆ ಇನ್ನೊಂದು ಕತೆ. ಎರಡೂ ಪೂರ್ತಿ ಉದ್ದದ ಕತೆಗಳು. ಒಂದರಲ್ಲಿ ಜೊತೆಗಿದ್ದೋರು ಇನ್ನೊಂದರಲ್ಲಿ ಎದುರು ನಿಲ್ತಾರೆ. ಅಷ್ಟು ಸಣ್ಣ ಪ್ರಶ್ನೆಗೆ ಅಷ್ಟು ದೊಡ್ಡ ಕವಲು. ಆಟದ ಒಳಗೇ ಒಂದು ಇಂಟರ್ನೆಟ್ ಬೇರೆ, ಕಂಪನಿಗಳದ್ದು, ಸರ್ಕಾರಗಳದ್ದು ಸೈಟುಗಳಿವೆ, ಇಮೇಲ್ ಬರುತ್ತೆ. ಊರಿನ ಸೈಬರ್ ಸೆಂಟರಿನಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಅಸಲಿ ಇಂಟರ್ನೆಟ್ ನೋಡ್ತಿದ್ದೋನಿಗೆ ಈ ನಕಲಿ ಇಂಟರ್ನೆಟ್ ಬಿಟ್ಟಿ ಸಿಕ್ಕ ಹಂಗಾಯ್ತು.

ಆದ್ರೆ ನಾನು ಇದಕ್ಕೆ ಮೊದಲ ಜಾಗ ಕೊಡೋದು ಅದಕ್ಕಲ್ಲ. ಇಲ್ಲಿ ಪೈಲಟ್‌ಗೂ ಒಂದು ಲೆಕ್ಕ ಇದೆ. ನಾಲ್ಕು ಭಾಗದ ಜೊತೆಗೆ ಒಳಗಿರೋನಿಗೂ ಏಟು ಬೀಳುತ್ತೆ. ಏಟಿನ ರಭಸಕ್ಕೆ ಅವನು ಹೊರಗೆ ಬಂದು ಬೀಳಬಹುದು. ಬಿದ್ದೋನು ಆ ಚೌಕದ ಮೇಲೆ ನಿಂತಿರ್ತಾನೆ, ಮನೆಯಷ್ಟು ಎತ್ತರದ ಯಂತ್ರಗಳ ಕಾಲ ಬುಡದಲ್ಲಿ ಕಡಲೆಕಾಯಿಯಷ್ಟು ಮನುಷ್ಯ. ಖಾಲಿ ವಾಂಜರ್ ಸಿಕ್ಕಿದ್ರೆ ಓಡಿ ಹೋಗಿ ಹತ್ಕೋಬಹುದು. ಇನ್ನು ಕೆಲವರು ಸೋಲು ಖಚಿತ ಅನ್ನಿಸಿದ್ರೆ ಶರಣಾಗ್ತಾರೆ, ಅವರ ಯಂತ್ರ ನಮ್ಮ ಪಾಲಿಗೆ ಬರುತ್ತೆ. ಅಂದ್ರೆ ಕೊಲ್ಲದೆ ಗೆಲ್ಲೋ ದಾರಿ ಆಟದ ನಿಯಮದಲ್ಲೇ ಇದೆ, ಅದರಿಂದ ಲಾಭವೂ ಇದೆ. ಇಳಿದು ನಿಂತೋನಿಗೆ ಗುರಿ ಇಡೋಕೂ ಆಟ ಬಿಡುತ್ತೆ. ತಡೆಯಲ್ಲ, ಉಪದೇಶ ಮಾಡಲ್ಲ.

ಅದೇ ಸಂಕ್ರಾಂತಿ ರಾತ್ರಿ ಲ್ಯಾಪ್‌ಟಾಪ್ ತೆಗೆದು ಭಾವನಿಗೆ ಇದನ್ನ ತೋರಿಸಿದೆ. ಹೊರಗೆ ಬಿದ್ದ ಶತ್ರು ಪಕ್ಕದ ಖಾಲಿ ವಾಂಜರ್ ಕಡೆ ಓಡಿದ. “ಎಲ್ಲಿಗ್ ಓಡ್ತಾನೆ ನೋಡು ಬಡ್ಡೀಮಗ!” ಅಂತ ಭಾವ ಕುರ್ಚಿಯಿಂದ ಮುಂದಕ್ಕೆ ಬಂದ್ರು. ಅಕ್ಕ ಒಳಗಿನಿಂದ “ಯಾರ್ರೀ ಬಂದಿದ್ದು?” ಅಂತ ಕೇಳಿದ್ಲು.

ಕುಂದುಗಳೂ ಇವೆ. ಒಂದು ಮಿಷನ್‌ಗೆ ನಾಲ್ಕೇ ಜನ, ಮೊದಲ ಆಟದ ದೊಡ್ಡ ದಂಡು ನೋಡಿದೋರಿಗೆ ಬಡತನ ಅನ್ನಿಸುತ್ತೆ. ಕೌಶಲ ಕಲಿಯೋದು ಹಾಕ್ಕೊಂಡ ಬಿಡಿಭಾಗದಿಂದ, ಅದೂ ಯುದ್ಧದ ಮಧ್ಯೆ ಅದೃಷ್ಟ ಇದ್ರೆ. ಒಂದೇ ಕೌಶಲಕ್ಕೆ ಇಡೀ ಭಾನುವಾರ ಕಳೆದಿದೀನಿ.

ನಾಲ್ಕನೇದು 2003ರಲ್ಲಿ ಪ್ಲೇಸ್ಟೇಷನ್ 2ಕ್ಕೆ ಬಂತು. ಕಾಲ ಹಿಂದಕ್ಕೆ, 2096. ಯುರೋಪಿನಲ್ಲಿ ಎಲ್ಸಾ ಅನ್ನೋ ಹೊಸ ಪೈಲಟ್, ವೆನೆಜುವೆಲಾದಲ್ಲಿ ಚಿನ್ನ ಸಿಕ್ಕ ಕೂಡಲೇ ಸೈನ್ಯ ಬಿಟ್ಟು ಕಂಬಿ ಕೀಳೋ ಡ್ಯಾರಿಲ್ ಮತ್ತವನ ಗೆಳೆಯರು. ಎರಡು ಕತೆ ಅಕ್ಕಪಕ್ಕ ನಡೀತವೆ, ಎರಡನೇದೇ ರುಚಿ ಜಾಸ್ತಿ. ಲಿಂಕ್ ಅನ್ನೋ ಹೊಸ ಪದ್ಧತಿ ಇದರ ದೊಡ್ಡ ಕೊಡುಗೆ. ಒಬ್ಬ ಹೊಡೆದ್ರೆ ಅವನ ಜೊತೆ ಜೋಡಿಸಿದೋರೂ ಹೊಡೀತಾರೆ, ಒಬ್ಬನಿಗೆ ಬಿದ್ರೆ ಅವನ ಪರವಾಗಿ ತಿರುಗಿಸಿ ಕೊಡ್ತಾರೆ. ತಂಡ ಅನ್ನೋದಕ್ಕೆ ಅರ್ಥ ಬಂದಿದ್ದು ಇಲ್ಲಿ. ಆದ್ರೆ ಪೈಲಟ್ ಮತ್ತೆ ಒಳಗೇ ಸೇರ್ಕೊಂಡ, ಹ್ಯಾಚ್ ಮುಚ್ಚಿತು.

ಐದನೇದು, 2005ರ ಡಿಸೆಂಬರ್. ಜಪಾನಿನಿಂದ ಹೊರಗೆ ಬರಲೇ ಇಲ್ಲ. ಅಭಿಮಾನಿಗಳು ಸಂಬಳವಿಲ್ಲದೆ ಕೂತು ಇಂಗ್ಲಿಷಿಗೆ ತಂದ್ರು, ಅವರಿಂದಾಗಿ ನಾವು ಆಡಿದ್ವಿ. ಹಫ್‌ಮನ್ ದ್ವೀಪದಲ್ಲಿ ಬೆಳೆದ ವಾಲ್ಟರ್ ಫೆಂಗ್ ಮತ್ತು ಅವನ ಬಾಲ್ಯದ ಇಬ್ಬರು ಗೆಳೆಯರ ಮೂಲಕ ಇಡೀ ಸರಣಿಯ ಯುದ್ಧಗಳನ್ನ ಹೊಲಿದಿರೋ ಕತೆ, ಶುರು 2070ರಿಂದ. ನನ್ನ ಹಾಸ್ಟೆಲ್ ಗೆಳೆಯನ ಪ್ರಕಾರ ಆಟ ಅಂದ್ರೆ ಇದು. ನಿಯಮಗಳ ಬಿಗಿ ನೋಡಿದ್ರೆ ನಾನೂ ಒಪ್ತೀನಿ. ಗುಂಡು ಹೋಗೋ ದಾರಿಯಲ್ಲಿ ನಮ್ಮೋನು ನಿಂತಿದ್ರೆ ಅದು ನಮ್ಮೋನಿಗೇ ಬೀಳುತ್ತೆ, ಹಾಗಾಗಿ ಪ್ರತಿ ಹೆಜ್ಜೆಗೂ ಹಿಂದೆ ಯಾರಿದಾರೆ ಅಂತ ನೋಡ್ಬೇಕು. “ನಿನ್ನ ಭಾವನ ಪ್ರಶ್ನೆಗೆ ಉತ್ತರ ಇದೇ ಅಲ್ವೇನೋ? ಪಕ್ಕದೋನ ಜೀವ ನೋಡ್ಕೊಂಡು ಹೊಡಿ ಅಂತಿದೆ” ಅಂತಾನೆ ಅವನು. ಒಳ್ಳೆ ಮಾತೇ. ಆದ್ರೆ ಅದು ನಮ್ಮೋರ ಲೆಕ್ಕ ಅಷ್ಟೇ. ಎದುರಿನ ಯಂತ್ರದ ಒಳಗಿರೋನು ಮೂರನೇದರಲ್ಲಿ ಮಾತ್ರ ಕೈ ಮೇಲೆತ್ತಿ ಆಚೆ ಬರ್ತಾನೆ.

2010ರ ಇವಾಲ್ವ್ಡ್ ಅನ್ನೋದನ್ನ ನಾನು ಲೆಕ್ಕಕ್ಕೇ ತಗೊಂಡಿಲ್ಲ. ಅದು ಬರೀ ಓಡಾಡಿ ಗುಂಡು ಹಾರಿಸೋ ಆಟ, ಸರದಿ ಇಲ್ಲ, ಯೋಚನೆಗೆ ಪುರುಸೊತ್ತಿಲ್ಲ.

ಶುರು ಮಾಡೋರು 2022ರ ರೀಮೇಕಿನಿಂದ ಮಾಡಿ, ಕರೆನ್ ಕತೆ ಮುಗಿಸಿ. ಆಮೇಲೆ ನೇರ ಮೂರಕ್ಕೆ ಹೋಗಿ, ಎರಡು ಆಮೇಲೆ ನೋಡ್ಕೋಬಹುದು. ಮೂರರಲ್ಲಿ ರಿಯೋಗೊ ಕರೆದಾಗ ಮೊದಲ ಸಲ ಹೂಂ ಅನ್ನಿ, ಮುಗಿದ ಮೇಲೆ ಮತ್ತೆ ಶುರು ಮಾಡಿ ಉಹೂಂ ಅನ್ನಿ. ಎರಡೂ ಸೇರಿ ಬಹಳಷ್ಟು ಶನಿವಾರ ಭಾನುವಾರ ತಿಂದು ಹಾಕುತ್ತೆ, ಮನೆಯಲ್ಲಿ ಮುಂಚೇನೇ ಹೇಳಿಟ್ಟಿರಿ.