ಬೇಲಿಯ ಹೊರಗಿನ ವೀರಾಂಗನೆ

ಕಲಬುರಗಿಯಲ್ಲಿ ನಮ್ಮ ಮಗಳೂ ಕಮಲಾಪುರದಲ್ಲಿ ಅಣ್ಣನವರ ಮಗನೂ ಗೆಳೆಯರೊಡಗೂಡಿ ಅಂತರ್ಜಾಲದಲ್ಲಿ ಅತಿಮಾನುಷ ವೀರರ ಕಥೆಯಾಟವೊಂದನ್ನು ಆಡುತ್ತಿರುವರು. ಪ್ರತಿಯೊಬ್ಬರೂ ತಮ್ಮದೇ ಕಲ್ಪನೆಯ ವೀರನಾಗಿ ಕಥೆಯನ್ನು ಬರೆದು ಮುಂದುವರಿಸಬೇಕು. ಸಿಡಿಲೆಸೆದೆನೆಂದು ಬರೆಯಬಹುದು, ತಗುಲಿತೋ ಇಲ್ಲವೋ ಎಂಬುದನ್ನು ಎದುರಾಳಿಯೇ ಬರೆಯತಕ್ಕದ್ದು. ಹಿರಿಯರ ಜಗಳಗಳಲ್ಲಿ ಕಾಣದ ನಿಯಮವಿದು! 1981ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಚಾಂಪಿಯನ್ಸ್’ ಎಂಬ ಆಟದಲ್ಲಿ, ದೌರ್ಬಲ್ಯವನ್ನು ಒಪ್ಪಿಕೊಂಡ ವೀರನಿಗೆ ಶಕ್ತಿಗಳನ್ನು ಕೊಳ್ಳಲು ಹೆಚ್ಚು ಅಂಕಗಳು ದೊರೆಯುವುವು. ಹುಡುಗನೂ ಅಂತೆಯೇ ಮಾಡಿರುವನು: ಅವನ ವೀರನು ಮನೆಯ ಕೆಂಪು ಬಾಳೆಯ ತೋಟದೊಳಗೆ ಅಜೇಯನು, ಹೊರಗೆ ನಿರ್ಬಲನು.

ಆ ತೋಟದ ಪಾಲಿಗಾಗಿಯೇ ಅಣ್ಣನವರೂ ನಾವೂ ಮೂರು ವರ್ಷಗಳಿಂದ ಮಾತು ಬಿಟ್ಟಿರುವೆವು. ಮೊನ್ನೆ ಮಗಳ ವೀರಾಂಗನೆಯು ಬೇಲಿಯ ಬಳಿ ನಿಂತು, ‘ಒಳಗೆ ಬರಲೇ?’ ಎಂದು ಕೇಳಿದಳು. ಉತ್ತರವನ್ನು ಅವನೇ ಬರೆಯಬೇಕು. ಇನ್ನೂ ಬಂದಿಲ್ಲ, ಬಂದಿತೇ ಎಂದು ನಾವೂ ದಿನಕ್ಕೆರಡು ಬಾರಿ ಕೇಳುತ್ತಿರುವೆವು.