ಮೇಲುಕೋಟೆಯಲ್ಲಿ ಅಜ್ಜಿಯ ಮನೆ ಹುಡುಕುತ್ತಾ…

ಸಂಜೆ ಐದೂವರೆ ಆದರೆ ಸಾಕು, ನಮ್ಮಜ್ಜಿ ಚಪ್ಪಲಿ ಹುಡುಕೋಕೆ ಶುರು ಮಾಡ್ತಾಳೆ. "ಕತ್ತಲಾಗ್ತಾ ಬಂತು, ನಾನು ಮನೆಗೆ ಹೋಗ್ಬೇಕು" ಅಂತಾಳೆ. ಬೆಂಗಳೂರಿನ ವಿಜಯನಗರದ ನಮ್ಮ ಮನೆಯಲ್ಲಿ ಅವಳಿರೋದು 22 ವರ್ಷದಿಂದ. "ಅಮ್ಮಾ, ಇದೇ ನಿನ್ನ ಮನೆ ಕಣೇ" ಅಂತ ನನ್ನಮ್ಮ ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ. ಅಜ್ಜಿಗೀಗ 81. ಆಲ್‌ಝೈಮರ್ಸ್ ಅಂತ ಗೊತ್ತಾಗಿ 3 ವರ್ಷ.

ಸಮಸ್ಯೆ ಇದ್ದಮೇಲೆ ಪರಿಹಾರ ಇದ್ದೇ ಇರುತ್ತೆ ಅನ್ನೋದು ಸಾಫ್ಟ್‌ವೇರ್ ಕೆಲಸದವರ ನಂಬಿಕೆ. ಅಜ್ಜಿ ಹುಟ್ಟಿ ಬೆಳೆದಿದ್ದು ಮೇಲುಕೋಟೆಯಲ್ಲಿ. ಅವಳು ಕೇಳುತ್ತಿರೋದು ಆ ಮನೇನೇ ಇರಬೇಕು, ಒಮ್ಮೆ ತೋರಿಸಿದರೆ ಸಮಾಧಾನ ಆಗಬಹುದು ಅಂದುಕೊಂಡೆ. ಡಿಸೆಂಬರಿನ ಒಂದು ಶನಿವಾರ ಬೆಳಿಗ್ಗೆ ಆರಕ್ಕೇ ಕಾರು ತೆಗೆದೆ. ಒಂದು ಜೊತೆ ಬಟ್ಟೆ ಹೆಚ್ಚಾಗಿ ಇಟ್ಟುಕೊಂಡು, ನನ್ನ ಫೋನ್ ನಂಬರ್ ಬರೆದ ಚೀಟಿಯನ್ನು ಅಜ್ಜಿಯ ಪರ್ಸಿಗೆ ಸೇರಿಸಿದ್ದೆ. ಹಿಂದಿನ ಸೀಟಿನಲ್ಲಿ ಅಮ್ಮ ಬಿಡದಿ ಬರುವ ಮೊದಲೇ ನಿದ್ದೆ ಹೋದಳು. ಅವಳು ರಾತ್ರಿಯಿಡೀ ಮಲಗಿ ಎಷ್ಟು ತಿಂಗಳಾಗಿತ್ತೋ!

ಮಂಡ್ಯ ದಾಟಿ, ಜಕ್ಕನಹಳ್ಳಿಯಿಂದ ಮೇಲಕ್ಕೆ ಹತ್ತಿದಾಗ ಯೋಗನರಸಿಂಹಸ್ವಾಮಿ ಬೆಟ್ಟ ಕಾಣಿಸಿತು. ಅಜ್ಜಿ ಕೈ ಮುಗಿದಳು. ನನಗೆ ಗೆದ್ದಷ್ಟು ಖುಷಿ. ಕಲ್ಯಾಣಿಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತು, ಪುಳಿಯೋಗರೆ ತಿಂದು, ಅವಳ ಬೀದಿಗೆ ಹೋದೆವು.

ಹೆಂಚಿನ ಮನೆ ಹೋಗಿ ತಾರಸಿ ಬಂದಿತ್ತು. ಈಗಿರುವವರು ಒಳಗೆ ಕರೆದು ನೀರು ಕೊಟ್ಟರು. ಅಜ್ಜಿ ಸುತ್ತಲೂ ನೋಡಿದಳು. "ಇದ್ಯಾರ ಮನೆ? ನನ್ನನ್ಯಾಕೆ ಇಲ್ಲಿಗೆ ಕರ್ಕೊಂಡು ಬಂದೆ?" ಅಂತ ಹೆದರಿ ಅಮ್ಮನ ಸೆರಗು ಹಿಡಿದುಕೊಂಡಳು. "ಅಜ್ಜಿ, ಇದು ನಿನ್ನದೇ ಮನೆ" ಅಂತ ನಾನು ವಾದ ಮಾಡಿದಷ್ಟೂ ಅವಳ ಅಳು ಜಾಸ್ತಿಯಾಯಿತು. ಅಮ್ಮ ಏನೂ ಹೇಳದೆ ಅವಳ ಕೈ ಹಿಡಿದು ಹೊರಗೆ ಕರೆದುಕೊಂಡು ಬಂದಳು.

ಅಕ್ಕ-ತಂಗಿ ಕೊಳದ ಹತ್ತಿರ ನೆರಳಲ್ಲಿ ಕೂತೆವು. ಪಕ್ಕಪಕ್ಕದಲ್ಲೇ ಎರಡು ಕೊಳ. ಒಂದರ ನೀರು ಕುಡಿಯೋಕೆ, ಇನ್ನೊಂದರದ್ದು ಒಗೆಯೋಕೆ ಬಳಸುತ್ತಿದ್ದರು ಅಂತ ಹೇಳುತ್ತಾರೆ. ನಾನು ಕಾಲು ತೊಳೆಯಲು ಇಳಿದರೆ ಅಜ್ಜಿ ಗದರಿದಳು: "ಅಲ್ಲಿ ಇಳೀಬೇಡ್ವೇ, ಅದು ಕುಡಿಯೋ ನೀರು!" ಮನೆ ಮರೆತವಳಿಗೆ ನೀರಿನ ಮಡಿ ನೆನಪಿತ್ತು.

ಅಷ್ಟರಲ್ಲಿ ಬಿಸಿಲು ಇಳಿಯಿತು. ಅಜ್ಜಿ ಎದ್ದು ನಿಂತಳು. "ಕತ್ತಲಾಗ್ತಾ ಬಂತು, ಮನೆಗೆ ಹೋಗ್ಬೇಕು."

ಹುಟ್ಟಿದ ಊರಲ್ಲೇ ನಿಂತು ಅದೇ ಮಾತು! ಆಗ ನನಗೆ ಅರ್ಥವಾಯಿತು, ಅಜ್ಜಿ ಕೇಳುತ್ತಿದ್ದುದು ವಿಳಾಸವನ್ನಲ್ಲ. ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಇತ್ತೀಚಿನ ನೆನಪು ಮೊದಲು ಅಳಿಸುತ್ತೆ, ಹಳೆಯದು ಸ್ವಲ್ಪ ಹೆಚ್ಚು ಕಾಲ ಉಳಿಯುತ್ತೆ. ಸಂಜೆಯ ಹೊತ್ತು ಗಲಿಬಿಲಿ ಹೆಚ್ಚಾಗೋದಕ್ಕೆ ಡಾಕ್ಟರುಗಳು 'ಸನ್‌ಡೌನಿಂಗ್' ಅಂತಾರೆ. ಆಗ 'ಮನೆಗೆ ಹೋಗ್ಬೇಕು' ಅಂದರೆ ಸುಸ್ತಾಗಿದೆ, ಹಸಿವಾಗಿದೆ, ಬಾತ್‌ರೂಮಿಗೆ ಹೋಗಬೇಕು, ಇಲ್ಲವೇ ಭಯವಾಗ್ತಿದೆ ಅಂತಲೂ ಇರಬಹುದು.

ನಮ್ಮ ಮನೆಯಲ್ಲಿ ಇನ್ನೊಂದು ಜಗಳವೂ ನಡೀತಿತ್ತು. ಒಂದು ರಾತ್ರಿ ಅಜ್ಜಿ ಗೇಟು ತೆಗೆದು ಬೀದಿಗೆ ಹೋಗಿದ್ದಳು, ಪಕ್ಕದ ಮನೆಯವರು ಕರೆತಂದರು. ಅಂದಿನಿಂದ ಡೇ ಕೇರ್‌ಗೆ ಕಳಿಸೋಣ ಅಂತ ನಾನು. "ನಮ್ಮಲ್ಲಿ ಯಾರನ್ನೂ ಆಶ್ರಮಕ್ಕೆ ಬಿಟ್ಟಿಲ್ಲ" ಅಂತ ಫೋನಿನಲ್ಲಿ ಸೋದರಮಾವ. ನಡುವೆ ಸವೆಯುತ್ತಿದ್ದವಳು ಅಮ್ಮ. ವಾಪಸ್ ಬರುವಾಗ ಅವಳೇ ಹೇಳಿದಳು: "ಮನೆ ಅಂದ್ರೆ ಗೋಡೆ ಅಲ್ಲ ಅಂತ ಆಯ್ತಲ್ಲ. ವಾರಕ್ಕೆ ಮೂರು ದಿನ ಕಳಿಸಿ ನೋಡೋಣ."

ಈಗ ಅಜ್ಜಿ ಡಿಮೆನ್ಷಿಯಾ ಇರುವವರಿಗಾಗಿಯೇ ನಡೆಸುವ ಡೇ ಕೇರ್‌ಗೆ ಹೋಗ್ತಾಳೆ. ಔಷಧಿ ಪಟ್ಟಿಯ ಜೊತೆ ಅಲ್ಲಿಯವರಿಗೆ ಒಂದು ಪುಟ ಬರೆದುಕೊಟ್ಟಿದ್ದೇನೆ: ಕಾಫಿ ಲೋಟದಲ್ಲೇ ಕೊಡಿ, ಸ್ಟೀಲಿನದು. ಬಲಗಿವಿಗೆ ಕೇಳಿಸಲ್ಲ, ಎದುರಿಗೆ ಬಂದು ಮಾತಾಡಿ. ಮನೆಗೆ ಹೋಗ್ಬೇಕು ಅಂದರೆ ಎದುರಾಡಬೇಡಿ, ಕೊಳದ ವಿಷಯ ಕೇಳಿ. ನಿಮ್ಮ ಮನೆಯಲ್ಲೂ ಹೀಗೆ ಯಾರಾದರೂ ಇದ್ದರೆ ಇಂಥದ್ದೊಂದು ಪುಟ ಬರೆದಿಡಿ. ಯಾರನ್ನು ಕೇಳೋದು ಅಂತ ಗೊತ್ತಾಗದಿದ್ದರೆ ಹಿರಿಯ ನಾಗರಿಕರ ಸಹಾಯವಾಣಿ 14567 ಇದೆ, ಉಚಿತ. ನೋಡಿಕೊಳ್ಳುವವರಿಗೂ ನಿದ್ದೆ ಬೇಕು ಅನ್ನೋದನ್ನ ಮಾತ್ರ ಮರೀಬೇಡಿ.

ನಿನ್ನೆ ಸಂಜೆಯೂ ಅಜ್ಜಿ ಚಪ್ಪಲಿ ಹುಡುಕಿದಳು. ನಾನು ಲೈಟ್ ಹಾಕಿ ಕೇಳಿದೆ, "ಮನೇಲಿ ಯಾರಿದ್ದಾರಜ್ಜಿ?"

"ನಮ್ಮಮ್ಮ ಕಾಯ್ತಿರ್ತಾಳೆ."

"ಕಾಫಿ ಕುಡ್ಕೊಂಡು ಹೊರಡೋಣ್ವಾ?"

"ಹೂಂ, ಕಾಫಿ ಕುಡ್ಕೊಂಡು ಹೋಗೋಣ" ಅಂತ ಕೂತಳು.